ಕೀ ಜೊತೆ ಇಟ್ಟ ಪತ್ರ

ಪುಟ್ಟಿ,

ನಾಳೆ ಬೆಳಿಗ್ಗೆ ಕಾರು ತಗೊಂಡು ಮಂಗಳೂರಿಗೆ ಹೊರಡ್ತೀಯ. ಮಲ್ಪೆಯಲ್ಲಿ ನಡೆದದ್ದನ್ನು ಮತ್ತೆ ಕೆದಕುವುದಿಲ್ಲ. ನಿನ್ನ ಗೆಳತಿಯರ ಎದುರು ಫೋನಿನಲ್ಲಿ ಅಷ್ಟು ಜೋರು ಮಾಡಬಾರದಿತ್ತು, ತಪ್ಪು ನನ್ನದೇ. ಒಂದು ಕಾರಿನ ಕೀ ಸಮುದ್ರದ ಉಪ್ಪುನೀರಿಗೆ ಬಿದ್ದದ್ದಕ್ಕೆ ಅಪ್ಪ ಯಾಕೆ ಹಾಗೆ ಕೂಗಾಡಿದರು ಅಂತ ಅಮ್ಮನನ್ನು ಕೇಳಿದೆಯಂತೆ.

ನಿನಗಾಗ 3 ವರ್ಷ, ನೆನಪಿರುವುದಿಲ್ಲ. ಏಪ್ರಿಲ್ ಬಿಸಿಲು, ಶಿವಮೊಗ್ಗದ ಗಾಂಧಿ ಬಜಾರ್. ಅಮ್ಮ ಬಟ್ಟೆ ಅಂಗಡಿಯೊಳಗಿದ್ದಳು. ನೀನು ರಚ್ಚೆ ಹಿಡಿದೆ ಅಂತ ಆಡೋಕೆ ಕೀ ಕೊಟ್ಟು, ಬಾಗಿಲು ಹಾಕಿ ಡಿಕ್ಕಿ ಕಡೆ ಹೋದೆ. ಟಕ್ ಅಂತ ಲಾಕ್ ಬಿತ್ತು.

ಆ ರಿಮೋಟಿನಲ್ಲಿ ಲಾಕ್ ತೆಗೆಯುವ ಗುಂಡಿಯ ರಬ್ಬರ್ ಹರಿದು ತಿಂಗಳುಗಳೇ ಆಗಿದ್ದವು. ಮನೆ ಕೀ, ಬೀರು ಕೀ, ಗೇಟಿನ ಕೀ ಎಲ್ಲ ಒಂದೇ ಗೊಂಚಲು ಮಾಡಿ ಜೇಬಿಗೆ ತುರುಕುತ್ತಿದ್ದೆ. ಅವೇ ಉಜ್ಜಿ ಉಜ್ಜಿ ತೂತು ಮಾಡಿದ್ದವು. ಕೈಜಾರಿ ಬಿದ್ದೂ ಬಿದ್ದೂ ಒಳಗಿನ ಸ್ವಿಚ್‌ನ ಬೆಸುಗೆ ಬಿಟ್ಟಿತ್ತು. ನಾನೇ ಉಗುರಿನಲ್ಲಿ ಅದುಮಿದರೂ ಐದು ಸಲಕ್ಕೊಮ್ಮೆ ತೆಗೆಯುತ್ತಿತ್ತು. ಮಾಡಿಸಿದರಾಯಿತು ಅಂತ ಮುಂದೂಡಿದ್ದೆ. ಸ್ಪೇರ್ ಕೀ ಮನೆಯ ಬೀರುವಿನಲ್ಲಿತ್ತು.

ಗಾಜಿಗೆ ಮುಖವಿಟ್ಟು "ಮೇಲಿಂದು ಒತ್ತು ಪುಟ್ಟಿ" ಅಂದೆ. ನೀನು ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತಿದೆ. ಆಟ ಅಂದುಕೊಂಡು ನಕ್ಕೆ. ಆಮೇಲೆ ಕೂದಲು ಹಣೆಗೆ ಅಂಟಿತು, ನಗು ನಿಂತಿತು. ದಿನಸಿ ಅಂಗಡಿಯವರು ತೂಕದ ಕಲ್ಲು ತಂದು ಗಾಜು ಒಡೆದರು. ಹತ್ತು ನಿಮಿಷವೂ ಆಗಲಿಲ್ಲ ಅಂದರು ಎಲ್ಲರೂ. ಎತ್ತಿಕೊಂಡಾಗ ನಿನ್ನ ಫ್ರಾಕು ಬೆವರಲ್ಲಿ ಒದ್ದೆಮುದ್ದೆ, ಕೀ ಇನ್ನೂ ಮುಷ್ಟಿಯಲ್ಲೇ. ಆ ಬೆಳ್ಳಗಾದ ಹೆಬ್ಬೆರಳು ಈಗಲೂ ಕಣ್ಣಿಗೆ ಕಟ್ಟುತ್ತದೆ. ಮಲ್ಪೆಯಿಂದ ನೀನು "ಕೀ ಕೆಲಸ ಮಾಡ್ತಿಲ್ಲ ಅಪ್ಪ" ಅಂದಾಗಲೂ ಅದೇ ಬಂತು.

ಹೊಸ ಕೀಯನ್ನು ಕಾರು ಗುರುತಿಸುವಂತೆ ಕೋಡಿಂಗ್ ಮಾಡಿಸಿ, ಸಿಲಿಕೋನ್ ಕವರ್ ಹಾಕಿದ್ದೇನೆ. ಅದಕ್ಕೆ ಬೇರೆ ಕೀ ಸೇರಿಸಬೇಡ, ಚಿಲ್ಲರೆ ಇರುವ ಪರ್ಸಿಗೆ ಹಾಕಬೇಡ. ಬಿಸಿಲಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡ. ನೀರಿಗೆ ಬಿದ್ದರೆ ಗುಂಡಿ ಒತ್ತಿ ನೋಡುವ ಮೊದಲು ಸೆಲ್ ತೆಗೆ. ಸಮುದ್ರದ ನೀರಾದರೆ ಒಣಗಿದ ಮೇಲೂ ಉಪ್ಪು ಉಳಿದು ಒಳಗಿನ ತಾಮ್ರವನ್ನು ತಿನ್ನುತ್ತದೆ, ಬೇಗ ರಿಪೇರಿಯವರಿಗೆ ಕೊಡು. ಇದಕ್ಕೆ ಹಾಕುವುದು ಸಿಆರ್2032, 3 ವೋಲ್ಟಿನ ಸೆಲ್. ಕಾರಿನ ಹತ್ತಿರ ಹತ್ತಿರ ಹೋದರೆ ಮಾತ್ರ ಲಾಕ್ ತೆಗೆಯತೊಡಗಿದರೆ ಸೆಲ್ ಬದಲಿಸು. ಪೂರ್ತಿ ಸತ್ತರೂ ಗಾಬರಿ ಬೇಡ. ಒಳಗಿರುವ ಲೋಹದ ಕೀ ಎಳೆದು ಬಾಗಿಲು ತೆಗೆ, ರಿಮೋಟನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತು. ಒಳಗಿನ ಚಿಪ್ಪಿಗೆ ಬೇಕಾದಷ್ಟು ಶಕ್ತಿ ಕಾರಿನಿಂದಲೇ ಸಿಗುತ್ತದೆ.

ದೊಡ್ಡಮ್ಮನ ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ. ಹಳೇ ಸೆಲ್ ಮೇಜಿನ ಮೇಲೆ ಬಿಡಬೇಡ ಕಣೇ. ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು. ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು.

ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಮೊನ್ನೆ ಮಳೆಯಲ್ಲಿ ಆಗುಂಬೆ ಘಾಟಿ ಇಳಿಸುವಾಗ ಪಕ್ಕದಲ್ಲಿ ಕೂತು ನಾನು ಒಂದು ಮಾತೂ ಆಡಲಿಲ್ಲ, ಗಮನಿಸಿದೆಯಾ? ಆಡುವಂಥದ್ದು ಏನೂ ಇರಲಿಲ್ಲ. ಅಷ್ಟು ಚೆನ್ನಾಗಿ ಓಡಿಸಿದೆ.

ಸ್ಪೇರ್ ಕೀ ಈ ಲಕೋಟೆಯಲ್ಲೇ ಇದೆ. ಕಾರಿನಲ್ಲಿಡದೆ ದೊಡ್ಡಮ್ಮನ ಕೈಗೆ ಕೊಡು. ಘಾಟಿ ಇಳಿದು ಸೋಮೇಶ್ವರ ತಲುಪಿದ ಕೂಡಲೇ ಗಾಡಿ ಬದಿಗೆ ಹಾಕಿ ಫೋನ್ ಮಾಡು. ಈ ಸಲ ನನಗೇ ಮಾಡು.

ನಿನ್ನ
ಅಪ್ಪ