ಸ್ಕ್ಯಾನ್ ಆದರೆ ಸಾಲದು, ಹುಡುಕಿದರೆ ಸಿಗಬೇಕು: ಗ್ರಂಥಾಲಯ ಖಾತೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಹಳೆಯ ಹಸ್ತಪ್ರತಿಗಳನ್ನು ಡಿಜಿಟಲ್ ಮಾಡಲು ಸರ್ಕಾರ ಹಣ ಕೊಡುತ್ತಿರುವುದು ಸಂತೋಷದ ವಿಷಯ. ಆದರೆ ಎಷ್ಟು ಪುಟ ಸ್ಕ್ಯಾನ್ ಆಯಿತು ಎಂದು ಲೆಕ್ಕ ಇಡುವವರು, ಹುಡುಕಿದವರಿಗೆ ಅದರಲ್ಲಿ ಎಷ್ಟು ಸಿಗುತ್ತದೆ ಎಂದು ಕೇಳುವುದು ಕಡಿಮೆ. ಈ ಪತ್ರ ಅದಕ್ಕಾಗಿಯೇ.

ಸ್ಕ್ಯಾನ್ ಅಂದರೆ ಒಂದು ಫೋಟೋ, ಅಷ್ಟೇ. ಅಚ್ಚಾದ ಪುಸ್ತಕವಾದರೆ ಕಂಪ್ಯೂಟರ್ ಅದರ ಅಕ್ಷರಗಳನ್ನು ತಕ್ಕಮಟ್ಟಿಗೆ ಓದುತ್ತದೆ. ಕೈಬರಹ ಹಾಗಲ್ಲ. ಆ ಲಿಪಿ, ಆ ಕಾಲದ ಬರವಣಿಗೆಯನ್ನು ಅದಕ್ಕೆ ಮೊದಲು ಕಲಿಸಬೇಕು. ಅಲ್ಲಿಯವರೆಗೆ ಹುಡುಕಾಟವೆಲ್ಲ ನಿಂತಿರುವುದು ಸೂಚಿಯಲ್ಲಿ, ಅಂದರೆ ಸಂಗ್ರಹದ ಕ್ಯಾಟಲಾಗಿನಲ್ಲಿ, ಯಾರೋ ಬರೆದಿಟ್ಟ ನಾಲ್ಕು ಸಾಲಿನ ಮೇಲೆ.

ಆ ನಾಲ್ಕು ಸಾಲಿಗೆ ಎಂಥ ಬೆಲೆ ಇದೆ ನೋಡಿ. ಇಸ್ತಾಂಬುಲ್‌ನಲ್ಲಿ ಒಂದು ಹಳೆಯ ಗ್ರೀಕ್ ಪ್ರಾರ್ಥನೆ ಪುಸ್ತಕವಿತ್ತು. ಹಿಂದಿನ ಬರಹವನ್ನು ಕೆರೆದು ಅಳಿಸಿ, ಅದೇ ಚರ್ಮದ ಹಾಳೆಗಳ ಮೇಲೆ 13ನೇ ಶತಮಾನದಲ್ಲಿ ಪ್ರಾರ್ಥನೆಗಳನ್ನು ಬರೆದಿದ್ದರು. 1899ರಲ್ಲಿ ಸೂಚಿ ಸಿದ್ಧಪಡಿಸಿದ ವಿದ್ವಾಂಸರು "ಪ್ರಾರ್ಥನೆ ಪುಸ್ತಕ" ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಅವರು ಅಡಿಯಲ್ಲಿ ಮಸುಕಾಗಿ ಕಾಣುತ್ತಿದ್ದ ಕೆಲವು ಸಾಲುಗಳನ್ನೂ ನಕಲು ಮಾಡಿ ಸೇರಿಸಿದರು. ಆ ಸಾಲುಗಳಿಂದಲೇ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್‌ಗೆ ಇದು ಪ್ರಾಚೀನ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ಬರಹ ಎಂದು ಗೊತ್ತಾಯಿತು. 1906ರಲ್ಲಿ ಅವರು ಹೋಗಿ ನೋಡಿದಾಗ, ಬೇರೆಲ್ಲೂ ಉಳಿಯದಿದ್ದ ಆರ್ಕಿಮಿಡೀಸನ ಒಂದು ಕೃತಿ ಅದರಲ್ಲಿತ್ತು.

ಈಗಿನ ಎಷ್ಟೋ ಡಿಜಿಟಲ್ ಸಂಗ್ರಹಗಳಲ್ಲಿ ಕಾಣುವುದು ಒಂದು ನಂಬರು, ಒಂದು ಹೆಸರು, ಭಾಷೆ. ಒಂದೇ ಕಟ್ಟಿನಲ್ಲಿ ಐದು ಕೃತಿ ಇದ್ದರೂ ಮೊದಲನೆಯದನ್ನು ಮಾತ್ರ ದಾಖಲಿಸಿರುತ್ತಾರೆ. ಮೊದಲ ಹಾಳೆ ಹರಿದಿದ್ದರೆ "ಹೆಸರು ತಿಳಿದಿಲ್ಲ". ಒಬ್ಬನೇ ಕವಿಯ ಹೆಸರು ಒಂದೊಂದು ಕಡೆ ಒಂದೊಂದು ಕಾಗುಣಿತದಲ್ಲಿ. ಇಂಥದ್ದರಲ್ಲಿ ಹುಡುಕಿದವರಿಗೆ "ಫಲಿತಾಂಶ ಇಲ್ಲ" ಎಂದು ಬಂದರೆ, ಪ್ರತಿಯೇ ಇಲ್ಲ ಅಂದುಕೊಳ್ಳುತ್ತಾರೆ ಅಲ್ವಾ? ಹಣ ಖರ್ಚಾಗಿದೆ, ಹಸ್ತಪ್ರತಿ ಮಾತ್ರ ಇನ್ನೂ ಕಣ್ಮರೆಯಾಗಿಯೇ ಇದೆ.

ಆದ್ದರಿಂದ ಪ್ರತಿ ಯೋಜನೆಯಲ್ಲೂ ಸೂಚಿ ಬರೆಯುವವರ ಸಂಬಳಕ್ಕೆ ಬೇರೆಯಾಗಿ ಹಣ ಎತ್ತಿಡಿ. ಹಳೆಯ ಲಿಪಿ ಬಲ್ಲವರು ಸಿಗುವುದೇ ಕಷ್ಟ. ಅವರಿಂದ ಪ್ರತಿ ಕೃತಿಯ ಮೊದಲ ಸಾಲು, ಕೊನೆಯ ಸಾಲು, ಪ್ರತಿ ಮಾಡಿದವರ ಹೆಸರು, ಕಾಲ ಇಷ್ಟನ್ನಾದರೂ ಬರೆಸಿ. ಹೆಸರು ಕಳೆದುಹೋದ ಕೃತಿಯನ್ನು ಗುರುತಿಸಲು ಎಷ್ಟೋ ಸಲ ಆ ಸಾಲುಗಳೇ ದಾರಿ.

ಇನ್ನೊಂದು ಮಾತು. ಒಂದೊಂದು ಗ್ರಂಥಾಲಯ ಒಂದೊಂದು ಸಾಫ್ಟ್‌ವೇರ್ ಕೊಂಡು ಬೇಲಿ ಹಾಕಿಕೊಳ್ಳುವುದು ಬೇಡ. ಡಿಜಿಟಲ್ ಚಿತ್ರಗಳನ್ನು ಗ್ರಂಥಾಲಯಗಳು ಒಂದೇ ರೀತಿಯಲ್ಲಿ ಹಂಚಿಕೊಳ್ಳಲು ಐಐಐಎಫ್ (IIIF) ಎಂಬ ಮುಕ್ತ ಮಾನದಂಡ 2011ರಿಂದ ಬೆಳೆದು ಬಂದಿದೆ. ಅದನ್ನು ಪಾಲಿಸಿದರೆ ಬೇರೆ ಬೇರೆ ದೇಶದ ಪ್ರತಿಗಳನ್ನೂ ಒಂದೇ ಪರದೆಯಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸಬಹುದು. ಆ ಪ್ರತಿಗಳ ಮೇಲೆ ಬಂದ ಸಂಶೋಧನ ಪ್ರಬಂಧಗಳ ಕೊಂಡಿಯೂ ಅಲ್ಲೇ ಇರಲಿ. ವೆಬ್‌ಸೈಟ್ ಬದಲಾದಾಗಲೆಲ್ಲ ಕೊಂಡಿಗಳು ಸಾಯಬಾರದು. ಇಲ್ಲದಿದ್ದರೆ ಪ್ರಬಂಧದಲ್ಲಿ ಕೊಟ್ಟ ಆಧಾರವನ್ನು ಮುಂದಿನವರು ಪರೀಕ್ಷಿಸುವುದು ಹೇಗೆ?

ನಕಲುಗಳನ್ನು ಬೇರೆ ಬೇರೆ ಕಡೆ ಇಡಿಸಿ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ನಡೆದಾಗ, ಅಷ್ಟು ದೊಡ್ಡ ಸಂಸ್ಥೆಯ ಡಿಜಿಟಲ್ ಹಸ್ತಪ್ರತಿಗಳೇ ಬಹಳ ಕಾಲ ಓದುಗರಿಗೆ ಸಿಗಲಿಲ್ಲ.

ಮುಂದಿನ ಪ್ರಗತಿ ವರದಿಯಲ್ಲಿ ಸ್ಕ್ಯಾನ್ ಆದ ಪುಟಗಳ ಪಕ್ಕದಲ್ಲೇ, ಪೂರ್ತಿ ಸೂಚಿ ಆದ ಕೃತಿಗಳೆಷ್ಟು ಎಂಬ ಲೆಕ್ಕವನ್ನೂ ಕೊಡಲು ಅಧಿಕಾರಿಗಳಿಗೆ ಹೇಳಿ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ವಂದನೆಗಳೊಂದಿಗೆ,
ಹಸ್ತಪ್ರತಿಗಳ ಒಬ್ಬ ಓದುಗ