ಮಗಳಿಗೊಂದು ಪತ್ರ: ನಗದೇ ಕೂತವರ ಬಗ್ಗೆ

ಪ್ರೀತಿಯ ಮಗಳೇ,

ಅತಿಥಿಗಾಗಿ ಕಾಯುವ ಜೋಕರ್ ಆಗಿ ನೀನೊಬ್ಬಳೇ ಆಡುವ ಆಟದ ಬಗ್ಗೆ ನಿನ್ನೆ ಫೋನಿನಲ್ಲಿ ನೀನು ಹೇಳಿದ್ದೆಲ್ಲ ಬರೀ ಲೆಕ್ಕ. ಎಷ್ಟು ಜನ ಬಂದರು, ಎಷ್ಟು ಕಡೆ ನಕ್ಕರು, ಎಷ್ಟು ಜನ ಮಧ್ಯದಲ್ಲಿ ಎದ್ದು ಹೋದರು, ವಿಮರ್ಶೆ ಬರೆದವರು ಎಷ್ಟು ಸ್ಟಾರ್ ಕೊಟ್ಟರು. ಶನಿವಾರದ ಶೋ ಗೆದ್ದಿತು, ಭಾನುವಾರದ್ದು ಸೋತಿತು ಅಂತ ತೀರ್ಪನ್ನೂ ನೀನೇ ಕೊಟ್ಟುಬಿಟ್ಟೆ. ಶನಿವಾರವೂ ಭಾನುವಾರವೂ ನಾನು ಅಲ್ಲೇ ಇದ್ದೆನಲ್ಲ. ಬೇಕಂತಲೇ ಪಕ್ಕದ ಗೋಡೆಗೆ ತಾಗಿದ್ದ ಕುರ್ಚಿ ಹಿಡಿದೆ. ನಿನ್ನ ಆಟ ನನಗೆ ಬಾಯಿಪಾಠವಾಗಿದೆ. ಅದು ಮನೆಯಲ್ಲಿ ಹುಟ್ಟಿದ್ದನ್ನೇ ನೋಡಿದವಳು ನಾನು. ಹಾಗಾಗಿ ನಿನ್ನನ್ನು ಬಿಟ್ಟು ಜನರನ್ನು ನೋಡುತ್ತಾ ಕೂತೆ. ಮುಖಕ್ಕೆ ಲೈಟ್ ಹೊಡೆಯುವಾಗ ನಿನಗೆ ಕಾಣುವುದು ಮುಂದಿನ ಸಾಲು ಮಾತ್ರ. ಉಳಿದವರು ಏನು ಮಾಡುತ್ತಿದ್ದರು ಅಂತ ನಾನು ಹೇಳುತ್ತೇನೆ, ಕೇಳು.

ಭಾನುವಾರ ಯಾರೂ ನಗಲಿಲ್ಲ ಅಂದೆ. ಸುಳ್ಳು ಕಣೇ. ನಕ್ಕರು, ಸದ್ದು ಬರಲಿಲ್ಲ ಅಷ್ಟೇ. ಬರಬೇಕಾದ ಅತಿಥಿಗಾಗಿ ನೀನು ಕುರ್ಚಿ ಒರೆಸಿ, ಮತ್ತೆ ಒರೆಸಿ, ಕೊನೆಗೆ ಅದನ್ನು ತಲೆಕೆಳಗು ಮಾಡಿ ನಾಲ್ಕು ಕಾಲಿನ ತಳವನ್ನೂ ಒರೆಸಿದೆಯಲ್ಲ, ಆಗ ಮೂರನೇ ಸಾಲಿನ ಹೆಂಗಸೊಬ್ಬರ ಭುಜ ಕುಲುಕುತ್ತಿತ್ತು. ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಅವರ ಹಿಂದಿದ್ದ ಹುಡುಗನಿಗೂ ನಗು ಬಂತು. ಅಕ್ಕಪಕ್ಕ ನೋಡಿದ. ಯಾರೂ ಜೋರಾಗಿ ನಗುತ್ತಿಲ್ಲ ಅಂತ ಗೊತ್ತಾಗಿ ಅವನೂ ನುಂಗಿಕೊಂಡ. ಅವತ್ತು ಬಂದವರೇ ಕಡಿಮೆ. ಬಂದವರೂ ಒಬ್ಬರಿಗೊಬ್ಬರು ನಾಲ್ಕಾರು ಕುರ್ಚಿ ದೂರ ಬಿಟ್ಟು ಕೂತಿದ್ದರು.

ರಾಬರ್ಟ್ ಪ್ರೊವೈನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರೊಬ್ಬರು ನಗುವಿನ ಬಗ್ಗೆಯೇ ಬಹಳ ಕಾಲ ಸಂಶೋಧನೆ ಮಾಡಿದರು. ಮನುಷ್ಯ ಒಬ್ಬನೇ ಇರುವಾಗಿಗಿಂತ ನಾಲ್ಕು ಜನರ ಜೊತೆ ಇರುವಾಗ ಸುಮಾರು 30 ಪಟ್ಟು ಜಾಸ್ತಿ ನಗುತ್ತಾನೆ ಅಂತ ಅವರು ಕಂಡುಕೊಂಡರು. ಮಾತುಕತೆಯ ನಡುವೆ ಬರುವ ನಗುವಿನಲ್ಲಿ ಹೆಚ್ಚಿನದಕ್ಕೆ ಜೋಕೇ ಕಾರಣವಲ್ಲ ಅಂತಲೂ ಹೇಳಿದರು. ಭಾನುವಾರದವರು ಒಂದೇ ಕೋಣೆಯಲ್ಲಿದ್ದರೂ ಒಬ್ಬೊಬ್ಬರೇ ಇದ್ದರು. ಅದಕ್ಕೆ ನಿನ್ನ ಆಟವನ್ನು ಯಾಕೆ ಬೈಯುತ್ತೀಯ? ಬಾಗಿಲಲ್ಲಿ ಟಿಕೆಟ್ ನೋಡುವ ಹುಡುಗನಿಗೆ ಹೇಳು, ಎಲ್ಲರನ್ನೂ ಮುಂದಕ್ಕೆ, ಒತ್ತೊತ್ತಾಗಿ ಕೂರಿಸಲಿ. ಹಿಂದಿನ ಸಾಲುಗಳಿಗೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿದರೂ ಸಾಕು. ಒಬ್ಬರ ಭುಜ ಕುಲುಕಿದ್ದು ಪಕ್ಕದವರ ಭುಜಕ್ಕೆ ತಗಲಬೇಕು.

ಎದ್ದು ಹೋದವರ ವಿಷಯಕ್ಕೆ ಬರುತ್ತೇನೆ. ಕೊನೆಯ ಹತ್ತು ನಿಮಿಷ ಇರುವಾಗ ಒಂದು ಜೋಡಿ ಎದ್ದಿತಲ್ಲ, ಅದಕ್ಕೆ ಮುಂಚೆ ಅವರು ಪಾಪ ಮೂರು ಸಲ ಗಡಿಯಾರ ನೋಡಿಕೊಂಡಿದ್ದರು. ಕೈಯಲ್ಲಿ ಇನ್ನೊಂದು ಶೋದ ಟಿಕೆಟ್ ಇತ್ತು. ಹೊರಡುವಾಗ ಆ ಹುಡುಗಿ ತಿರುಗಿ ತಿರುಗಿ ನಿನ್ನನ್ನೇ ನೋಡುತ್ತಿದ್ದಳು. ಊರ ತುಂಬ ಸಣ್ಣ ಸಣ್ಣ ಶೋಗಳು ನಡೆಯುವ ಫ್ರಿಂಜ್ ಉತ್ಸವ ಅಂದರೆ ಇದೇ ಗತಿ. ಒಂದೊಂದು ಶೋ ಹೆಚ್ಚುಕಡಿಮೆ ಒಂದು ಗಂಟೆ, ಅದು ಮುಗಿಯುವ ಮೊದಲೇ ಊರಿನ ಆ ತುದಿಯಲ್ಲಿ ಇನ್ನೊಂದು ಶುರು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಈಗ ಒಂದೇ ಆಗಸ್ಟ್ ತಿಂಗಳಲ್ಲಿ 3000ಕ್ಕೂ ಹೆಚ್ಚು ಪ್ರದರ್ಶನಗಳಿರುತ್ತವೆ. ಅದು ಶುರುವಾಗಿದ್ದು ಹೇಗೆ ಅಂತ ನಿನಗೆ ಗೊತ್ತೇ ಇದೆ. 1947ರಲ್ಲಿ ಅಲ್ಲಿನ ಅಂತರರಾಷ್ಟ್ರೀಯ ಉತ್ಸವಕ್ಕೆ ಎಂಟು ತಂಡಗಳು ಕರೆಯದೇ ಬಂದು ತಮ್ಮಷ್ಟಕ್ಕೆ ನಾಟಕ ಆಡಿದವು. ಹೇಳದೇ ಬಂದವರು ಕಟ್ಟಿದ ಹಬ್ಬದಲ್ಲಿ ಹೇಳದೇ ಎದ್ದು ಹೋದವರ ಮೇಲೆ ಮುನಿಸಿಕೊಂಡರೆ ಹೇಗೆ?

ಆದರೆ ಶನಿವಾರ ಎದ್ದು ಹೋದ ಆ ಚಶ್ಮದವರದ್ದು ಬೇರೆ ಕಥೆ. ಅದನ್ನು ನೀನು ಫೋನಿನಲ್ಲಿ ಹೇಳಲೇ ಇಲ್ಲ. ಅತಿಥಿಯ ಟೋಪಿ ಹಿಡಿದು ನೀನು ಅವರ ಹತ್ತಿರ ಹೋದಾಗ ಅವರು ಬೇಡ ಅಂತ ತಲೆಯಾಡಿಸಿದರು. ನೀನು ನಾಚಿಕೆ ಅಂದುಕೊಂಡೆ. ಮತ್ತೆ ತಲೆಯಾಡಿಸಿದರು. ನೀನು ಟೋಪಿ ಹಾಕಿಯೇ ಬಿಟ್ಟೆ. ಜನ ಗೊಳ್ ಅಂತ ನಕ್ಕರು. ಇಡೀ ಸಂಜೆಯ ದೊಡ್ಡ ನಗು ಅದೇ ಅಂತ ನೀನು ಲೆಕ್ಕ ಇಟ್ಟಿರಬೇಕು. ನಾನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸದ್ಯ, ಆ ಕುರ್ಚಿಯಲ್ಲಿ ನಾನಿಲ್ಲವಲ್ಲ ಎಂಬ ನಗು ಅದು. ಅವರ ಕಿವಿ ಕೆಂಪಾಗಿತ್ತು. ಟೋಪಿ ತೆಗೆದು ಕುರ್ಚಿಯ ಮೇಲಿಟ್ಟು ಬಗ್ಗಿಕೊಂಡು ಹೊರಗೆ ಹೋದರು. ಆಮೇಲೆ ಮುಂದಿನ ಸಾಲಿನವರು ಏನು ಮಾಡಿದರು ಗೊತ್ತಾ? ಚೀಲಗಳನ್ನು ತೊಡೆಯ ಮೇಲೆ ತಂದುಕೊಂಡರು. ನೀನು ಆ ಕಡೆ ಬಂದಾಗಲೆಲ್ಲ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಸುಮಾರು ಹೊತ್ತು ಕೋಣೆ ತಣ್ಣಗಾಗಿತ್ತು. ಗೆದ್ದ ಶನಿವಾರದ ಒಳಗೇ ಹೀಗೊಂದು ತುಂಡು ಇತ್ತು.

ಜೋಕರ್ ಯಾವತ್ತೂ ಕೋಣೆಯಲ್ಲಿ ಎಲ್ಲರಿಗಿಂತ ಪೆದ್ದನಾಗಿರಬೇಕು, ಅಲ್ವಾ? ಸ್ವಿಟ್ಜರ್ಲೆಂಡಿನ ಜೋಕರ್ ಗ್ರೋಕ್ ಪಿಯಾನೋ ನುಡಿಸಲು ಕೂತಾಗ ಸ್ಟೂಲು ದೂರ ಇರುತ್ತಿತ್ತು. ಅವನು ಸ್ಟೂಲನ್ನು ಎಳೆದುಕೊಳ್ಳುತ್ತಿರಲಿಲ್ಲ. ಇಡೀ ಪಿಯಾನೋವನ್ನೇ ಸ್ಟೂಲಿನ ಕಡೆಗೆ ತಳ್ಳಲು ಹೊರಡುತ್ತಿದ್ದ. ಜನ ನಕ್ಕಿದ್ದು ಅವನನ್ನು ನೋಡಿ. ಬೇರೆ ಯಾರ ಮಾನವೂ ಹೋಗಲಿಲ್ಲ. ಈಚಿನವರಲ್ಲಿ ಎಸ್ಟೋನಿಯಾದ ಜೂಲಿಯಾ ಮಾಸ್ಲಿ 2023ರಲ್ಲಿ ಎಡಿನ್‌ಬರೋದಲ್ಲಿ ಮಾಡಿದ್ದು ನೋಡು. ತೋಳಿಗೆ ಬೊಂಬೆಯ ಕಾಲೊಂದನ್ನು ಸಿಕ್ಕಿಸಿಕೊಂಡು, ಅದಕ್ಕೆ ಮೈಕ್ ಕಟ್ಟಿ ಪ್ರೇಕ್ಷಕರ ಮುಂದೆ ಹಿಡಿದಳು. ನಿಮ್ಮ ಸಮಸ್ಯೆ ಏನು ಅಂತ ಕೇಳಿದಳು. ಹೇಳಿದ ಸಮಸ್ಯೆಯನ್ನು ಅಲ್ಲೇ ಬಗೆಹರಿಸಲು ಹೊರಟಳು. ಅವಳೂ ಪ್ರೇಕ್ಷಕರನ್ನೇ ಆಟಕ್ಕೆ ಎಳೆದಳು, ಅದೂ ಕೊನೆಯವರೆಗೆ. ಆದರೆ ಅಲ್ಲಿ ಪೇಚಾಡುವ ಕೆಲಸ ಅವಳದ್ದು. ನಿನ್ನ ಟೋಪಿಗೂ ಹಾಗೆ ಮಾಡು. ನೀನು ಚಾಚು, ಅವರು ಕೈ ಚಾಚಿದರೆ ಕೊಡು. ಬೇಡ ಅಂದರೆ ನೀನೇ ಹಾಕಿಕೊಂಡು ಅತಿಥಿಯ ಹಾಗೆ ನಟಿಸಲು ಹೋಗಿ ಎಡವು. ಅದೇ ಇನ್ನೂ ಚೆನ್ನಾಗಿರುತ್ತೆ.

ಈಗ ಮುಖ್ಯ ವಿಷಯ. ಆಟದಲ್ಲಿ ಗಡಿಯಾರ ನಿಲ್ಲುವ ಜಾಗ.

ತಟ್ಟೆ ಹಿಡಿದು ನಿಂತಿದ್ದೀಯ. ಅತಿಥಿ ಬರುವುದಿಲ್ಲ ಅಂತ ನಿನಗೆ ಅರ್ಥವಾಗುತ್ತಿದೆ. ಭಾನುವಾರ ಅಲ್ಲಿ ಪೂರ್ತಿ ಮೌನ. ಆ ಮೌನ ನಿನಗೆ ತಡೆಯಲಾಗಲಿಲ್ಲ. ನಾಲಿಗೆ ಚಾಚಿದೆ, ಕಣ್ಣು ತಿರುಗಿಸಿದೆ, ಕುರ್ಚಿಯಿಂದ ಬಿದ್ದೆ. ಒಂದಿಬ್ಬರು ನಕ್ಕರು, ಮರ್ಯಾದೆಗೆ. ಇಡೀ ಆಟದಲ್ಲಿ ನನಗೆ ಸುಳ್ಳು ಅನಿಸಿದ್ದು ಅದೊಂದೇ. ನೀನು ಬೀಳುವ ಮುಂಚಿನ ಕ್ಷಣದಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ, ಯಾರೂ ಫೋನ್ ಮುಟ್ಟಿರಲಿಲ್ಲ. ಬೇಜಾರಾದ ಜನ ಸುಮ್ನೆ ಕೂರುವುದಿಲ್ಲ ಮಗಳೇ. ಕಾಲು ಅಲ್ಲಾಡಿಸುತ್ತಾರೆ, ಕುರ್ಚಿ ಕಿರುಗುಟ್ಟಿಸುತ್ತಾರೆ, ಬಾಟಲಿಯ ಮುಚ್ಚಳ ತಿರುಗಿಸುತ್ತಾರೆ. ಅದನ್ನೂ ನಾನು ನೋಡಿದ್ದೇನೆ, ಆದರೆ ಬೇರೆ ಕಡೆ. ಕರವಸ್ತ್ರ ಮಡಿಸುವ ಆಟ ಇದೆಯಲ್ಲ, ಅಲ್ಲಿ. ಅದು ಉದ್ದ ಆಯಿತು. ಅರ್ಧ ಕತ್ತರಿಸು.

ನಟನೆಯ ಶಾಲೆ ಕಟ್ಟಿದ ಜಾಕ್ ಲೆಕಾಕ್ ಅವರ ಕಥೆಯನ್ನು ನೀನೇ ನನಗೆ ಹೇಳಿದ್ದು. ಅವರು 1956ರಲ್ಲಿ ಪ್ಯಾರಿಸ್‌ನಲ್ಲಿ ಶಾಲೆ ಶುರು ಮಾಡಿದರು. ಮುಂದೊಂದು ದಿನ ವಿದ್ಯಾರ್ಥಿಗಳಿಗೆ ನಮ್ಮನ್ನು ನಗಿಸಿ ಅಂದರಂತೆ. ಒಬ್ಬೊಬ್ಬರೇ ಬಂದು ಲಾಗ ಹಾಕಿದರು, ತಮಾಷೆಯ ಮಾತಾಡಿದರು, ಏನೇನೋ ಸರ್ಕಸ್ ಮಾಡಿದರು. ಯಾರೂ ನಗಲಿಲ್ಲ. ಸೋತು ಸಪ್ಪೆ ಮುಖ ಮಾಡಿಕೊಂಡು ವಾಪಸ್ ಹೋಗಿ ಕೂತಾಗ, ಆ ಸಪ್ಪೆ ಮುಖ ನೋಡಿ ಎಲ್ಲರಿಗೂ ನಗು ಬಂತು. ಮೊದಲು ಲೆಕಾಕ್ ಅವರ ಶಿಷ್ಯರಾಗಿದ್ದು, ಆಮೇಲೆ ಅಲ್ಲೇ ಕಲಿಸಿ, ಮುಂದೆ ತಮ್ಮದೇ ಶಾಲೆ ತೆರೆದ ಫಿಲಿಪ್ ಗೋಲಿಯೇ ಅವರಂತೂ ಫ್ಲಾಪ್ ಆಗುವುದನ್ನೇ ಪಾಠ ಮಾಡಿದರು. ಏನೋ ಮಾಡಿದೆ, ನಡೆಯಲಿಲ್ಲ. ನಡೆಯಲಿಲ್ಲ ಅಂತ ನಿನಗೆ ಗೊತ್ತು, ಎದುರಿಗಿದ್ದವರಿಗೂ ಗೊತ್ತು. ಅದನ್ನು ಮುಚ್ಚಿಡದೆ ಅವರನ್ನೇ ನೋಡಿಕೊಂಡು ನಿಂತರೆ ಆಟ ಅಲ್ಲಿಂದ ಶುರುವಾಗುತ್ತದೆ. ಇದೆಲ್ಲ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಆದರೂ ಭಾನುವಾರ ಓಡಿಹೋದೆ.

ಶನಿವಾರ ಅದೇ ಜಾಗದಲ್ಲಿ ನೀನು ಓಡಲಿಲ್ಲ. ತಟ್ಟೆ ಹಿಡಿದು ನಿಂತೇ ಇದ್ದೆ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು, "ನಾನು ಬರಲಾ?" ಕಾಲೇಜು ಹುಡುಗಿ ಇರಬೇಕು. ನೀನು ಅವಳನ್ನು ನೋಡಿದೆ. ಖಾಲಿ ಕುರ್ಚಿ ನೋಡಿದೆ. ಮತ್ತೆ ಅವಳನ್ನು ನೋಡಿದೆ. ಆಮೇಲೆ, ಅಯ್ಯೋ ಕುರ್ಚಿ ಇನ್ನೂ ಒರೆಸಿಲ್ಲ ಅನ್ನುವ ಹಾಗೆ ಬಟ್ಟೆಗಾಗಿ ಒದ್ದಾಡಿದೆಯಲ್ಲ! ಇಡೀ ಕೋಣೆ ನಕ್ಕಿತು. ನನ್ನ ಪಕ್ಕದಲ್ಲಿದ್ದವರು ನಗುತ್ತಲೇ ಕಣ್ಣು ಒರೆಸಿಕೊಂಡರು. ಅದು ನೀನು ಬರೆದ ಆಟದಲ್ಲಿ ಇರಲೇ ಇಲ್ಲ. ಒಬ್ಬಳೇ ಆಡುವ ಆಟದಲ್ಲಿ ಎದುರು ಪಾತ್ರ ಮಾಡುವವರು ಪ್ರೇಕ್ಷಕರೇ. ಅವತ್ತು ಆ ಹುಡುಗಿ ತನ್ನ ಮಾತು ಹೇಳಿದಳು, ನೀನು ಕೇಳಿಸಿಕೊಂಡು ಉತ್ತರ ಕೊಟ್ಟೆ. ಭಾನುವಾರ ಇಡೀ ಕೋಣೆ ಉಸಿರು ಹಿಡಿದು ನಿನಗೆ ಏನೋ ಹೇಳುತ್ತಿತ್ತು, ನೀನು ಮಧ್ಯದಲ್ಲಿ ಬಾಯಿ ಹಾಕಿದೆ. ನೀನು ಲೆಕ್ಕ ಹಾಕುತ್ತಿದ್ದರೆ ಇದು ಕೇಳಿಸುವುದಿಲ್ಲ. ಎಷ್ಟು ನಕ್ಕರು ಅಂತ ಎಣಿಸುವವಳಿಗೆ ನಗದೇ ಇದ್ದದ್ದೆಲ್ಲ ಸೊನ್ನೆಯೇ.

ಕೈಕಟ್ಟಿ ಕೂತಿದ್ದರಲ್ಲ ಒಬ್ಬರು, ಅವರ ಬಗ್ಗೆ ಫೋನಿನಲ್ಲಿ ಎಷ್ಟು ಹೊತ್ತು ಮಾತಾಡಿದೆ ನೀನು! ಆಮೇಲೆ ಬಾಗಿಲ ಹತ್ತಿರ ಅವರು ಹೆಂಡತಿಗೆ ಹೇಳಿದ್ದು ನನಗೆ ಕೇಳಿಸಿತು. ಇದಕ್ಕಿಂತ ಮನೆಯಲ್ಲಿ ಮಲಗಬಹುದಿತ್ತು ಅಂದರು. ನಿಜವಾಗಿಯೂ ಹಿಡಿಸಲಿಲ್ಲ, ಪಾಪ. ಹಿಡಿಸದಿದ್ದರೆ ಬಿಡು. ಆದರೆ ಅವರನ್ನು ನಗಿಸಲೇಬೇಕು ಅಂತ ನೀನು ಹಟ ಹಿಡಿದು ಅವರ ಮುಂದೆಯೇ ಆಡುತ್ತಿದ್ದಾಗ ಎಡಗಡೆಯವರಿಗೆ ನಿನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಅಲ್ಲಿ ವಯಸ್ಸಾದ ಗಂಡಹೆಂಡತಿ ಇದ್ದರು. ಶುರುವಿನಿಂದ ನಿನ್ನ ಪ್ರತಿ ಹೆಜ್ಜೆಗೂ ತಲೆಯಾಡಿಸುತ್ತಿದ್ದವರು. ಒಬ್ಬರಿಗಾಗಿ ಅವರನ್ನು ಕೈಬಿಟ್ಟೆ. ನನಗೆ ಇದಕ್ಕೇ ಸಿಟ್ಟು ಬಂತು, ನಿಜ ಹೇಳಬೇಕಂದರೆ.

ನಿನ್ನನ್ನು ನೋಡಿ ಹೆದರಿ ಅತ್ತ ಮಗುವಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಜೋಕರ್ ಕಂಡರೆ ಹೆದರುವವರು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದಾರೆ. ಬ್ರಿಟನ್ನಿನ ವೇಲ್ಸ್‌ನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸ್ವಲ್ಪವಾದರೂ ಭಯ ಇದೆ ಅಂದಿದ್ದರು. ಬಣ್ಣ ಬಳಿದ ಮುಖದ ಹಿಂದೆ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ, ಅದೇ ದೊಡ್ಡ ಕಾರಣ. ನಿನ್ನ ಮುಖಕ್ಕೆ ಅಷ್ಟು ಬಿಳಿ ಬಣ್ಣ ಯಾಕೆ? ನೀನು ಮಾತೇ ಆಡುವುದಿಲ್ಲ, ಇರುವುದು ಹುಬ್ಬು, ಕೆನ್ನೆ, ತುಟಿ. ಅದನ್ನೂ ಸುಣ್ಣ ಹೊಡೆದ ಗೋಡೆಯ ಹಾಗೆ ಮುಚ್ಚಿಬಿಟ್ಟರೆ ನಾವು ಓದುವುದು ಏನನ್ನು? ಕೆಂಪು ಮೂಗೇ ಲೋಕದ ಅತಿ ಚಿಕ್ಕ ಮುಖವಾಡ ಅನ್ನುತ್ತಾರಲ್ಲ. ಅಷ್ಟೇ ಸಾಕು. ಅಂದಹಾಗೆ ಆ ಮಗು ಮನೆಗೆ ಹೋಗಲಿಲ್ಲ. ಅಮ್ಮನ ಹಿಂದೆ ಅವಿತುಕೊಂಡು ಬಾಗಿಲಿನಿಂದ ಕೊನೆಯವರೆಗೂ ನೋಡಿತು.

ಆಟ ಮುಗಿದ ಮೇಲೆ ಹತ್ತಿರ ಬಂದು ಮಾತಾಡುವವರನ್ನು ಅಷ್ಟೇನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಡಿಫರೆಂಟಾಗಿತ್ತು ಅನ್ನುವವರಿಗೆ ಹೊಗಳಬೇಕೋ ಬೇಡವೋ ಇನ್ನೂ ಗೊತ್ತಾಗಿಲ್ಲ. ತುಂಬಾ ಧೈರ್ಯ ನಿಮಗೆ ಅಂದವರು ತಮಗೇ ಹೆದರಿಕೆಯಾಗಿದ್ದನ್ನು ಹೇಳುತ್ತಿದ್ದಾರೆ. ನಿನ್ನ ಚಿಕ್ಕಮ್ಮ, ಇಷ್ಟು ಓದಿ ಕೊನೆಗೆ ಮೂಗಿಗೆ ಕೆಂಪು ಚೆಂಡಾ ಅಂದಳು. ಶನಿವಾರ ಎಲ್ಲರಿಗಿಂತ ಮೊದಲು ನಗುತ್ತಿದ್ದದ್ದು ಅವಳೇ, ಉಳಿದವರು ಅವಳನ್ನು ಹಿಂಬಾಲಿಸಿದರು. ಕತ್ತಲಲ್ಲಿ ಯಾರೂ ನೋಡುತ್ತಿಲ್ಲ ಅಂದುಕೊಂಡಾಗ ಜನ ಮಾಡುವುದೇ ಹೆಚ್ಚು ನಿಜ. ಬೆಳಕು ಬಂದ ಮೇಲೆ ಎಲ್ಲರೂ ಏನೋ ಒಂದು ಹೇಳಲೇಬೇಕಲ್ಲ.

ವಿಮರ್ಶೆ ಓದಿದೆ. ಮೂರು ಸ್ಟಾರ್ ಕೊಟ್ಟವರು ಬಂದದ್ದು ಭಾನುವಾರ. ಎರಡನೇ ಅರ್ಧ ಎಳೆದ ಹಾಗಿದೆ ಅಂದಿದ್ದಾರೆ. ಕರವಸ್ತ್ರದ ಮಟ್ಟಿಗೆ ಅವರ ಮಾತು ಸರಿ. ಪ್ರೇಕ್ಷಕರಿಗೂ ಕಲಾವಿದೆಗೂ ಸಂಬಂಧ ಬೆಳೆಯಲಿಲ್ಲ ಅಂತ ಬರೆದದ್ದು ಆ ಒಂದು ಸಂಜೆಯ ಸುದ್ದಿ. ಇನ್ನೊಂದು ಸಂಜೆಗೆ ಅದನ್ನು ಹೊತ್ತುಕೊಂಡು ಹೋಗಬೇಡ. ಕುರ್ಚಿಯ ಕಾಲು ಒರೆಸಿದ್ದನ್ನು ಎರಡು ವಾಕ್ಯ ಹೊಗಳಿದ್ದಾರೆ, ಅದನ್ನು ಪೋಸ್ಟರಿಗೆ ಹಾಕಿಕೋ. ಸ್ಟಾರ್ ಹಾಕದಿದ್ದರೂ ಪರವಾಗಿಲ್ಲ.

ಬುಧವಾರ ಮತ್ತೆ ಬರುತ್ತೇನೆ. ಚಿಕ್ಕಮ್ಮನೂ ಬರುತ್ತಾಳಂತೆ, ಮುಂದಿನ ಸಾಲಲ್ಲೇ ಕೂರಬೇಕಂತೆ. ಅವಳ ಹತ್ತಿರ ಟೋಪಿ ಹಿಡಿದು ಬರುವಾಗ ಸ್ವಲ್ಪ ಹುಷಾರು. ನೀನು ಚಾಚುವ ಮೊದಲೇ ಕಿತ್ತುಕೊಂಡು ಹಾಕಿಕೊಳ್ಳುತ್ತಾಳೆ, ಆಮೇಲೆ ಸ್ಟೇಜ್ ಬಿಟ್ಟು ಇಳಿಸುವುದು ನಿನ್ನಿಂದಾಗದು.

ನಿನ್ನ
ಅಮ್ಮ