ಹಳೆಯ ರಾಜಧಾನಿಯನ್ನು ತೋರಿಸಹೊರಟ ಮಗನಿಗೆ

ಶ್ರೀರಂಗಪಟ್ಟಣ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ಗೈಡ್ ಕೆಲಸದ ಗುರುತಿನ ಚೀಟಿ ನಿನ್ನ ಕೈಸೇರಿತೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದಾಗ ಬಹಳ ಸಂತೋಷವಾಯಿತು. ಇದೇ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನಾದ್ದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರವಿದೆಯಲ್ಲ, ಅದು ರವಿವರ್ಮನದೆಂದು ನಾನು ಎಷ್ಟೋ ವರ್ಷ ಧೈರ್ಯವಾಗಿ ಹೇಳುತ್ತಿದ್ದೆ. ಒಂದು ದಿನ ಮಹಾರಾಷ್ಟ್ರದಿಂದ ಬಂದಿದ್ದ ಚಿತ್ರಕಲೆಯ ಮೇಷ್ಟರೊಬ್ಬರು ಗುಂಪು ಮುಂದೆ ಹೋಗುವವರೆಗೂ ಕಾದು, ಅದನ್ನು ಬರೆದವರು ಹಲ್ದಣಕರ್ ಎಂದು ಮೆಲ್ಲಗೆ ತಿಳಿಸಿದರು. ಎಲ್ಲರೆದುರಿಗೆ ಹೇಳಿದ್ದರೆ ನನ್ನ ಗತಿ ಏನಾಗುತ್ತಿತ್ತೋ! ಯಾರೋ ಹೇಳಿದ್ದನ್ನು ಕೇಳಿ ನಾನು ಹೇಳಿದ್ದೆ, ಅಷ್ಟೆ.

ಆದ್ದರಿಂದ ದಾಖಲೆಯಲ್ಲಿರುವುದು ಯಾವುದು, ಜನ ಹೇಳಿಕೊಂಡು ಬಂದದ್ದು ಯಾವುದು ಎಂಬುದು ನಿನ್ನ ಮಾತಿನಲ್ಲೇ ಬೇರೆಬೇರೆಯಾಗಿ ಕೇಳಿಸಬೇಕು. 1610ರಲ್ಲಿ ಈ ಪಟ್ಟಣ ರಾಜ ಒಡೆಯರ ಕೈಗೆ ಬಂದು ರಾಜಧಾನಿಯಾಯಿತು, ದಸರೆಯೂ ಆ ವರ್ಷ ಇಲ್ಲಿಯೇ ಮೊದಲಾಯಿತು ಎಂಬುದನ್ನು ಖಚಿತವಾಗಿ ಹೇಳು. ವಿಜಯನಗರದ ಪ್ರತಿನಿಧಿ ತಿರುಮಲರಾಯ ತಾನಾಗಿ ಬಿಟ್ಟುಕೊಟ್ಟನೋ, ಒಡೆಯರು ಗೆದ್ದುಕೊಂಡರೋ ಎಂಬಲ್ಲಿ ಎರಡು ಬಗೆಯ ಹೇಳಿಕೆಗಳಿವೆ, ಎರಡನ್ನೂ ಹೇಳು. 'ತಲಕಾಡು ಮರಳಾಗಲಿ' ಎಂದು ತಿರುಮಲರಾಯನ ಹೆಂಡತಿ ಅಲಮೇಲಮ್ಮ ಕೊಟ್ಟಳೆನ್ನುವ ಶಾಪವನ್ನು ಬಿಡಬೇಡ, ತಲಕಾಡಿನ ಮರಳನ್ನು ನೋಡಿ ಬಂದವರು ಅದನ್ನು ಕೇಳಿಯೇ ಕೇಳುತ್ತಾರೆ. 'ಎಂದು ಜನ ಹೇಳುತ್ತಾರೆ' ಎಂಬ ಮಾತನ್ನು ಸೇರಿಸಿದರೆ ಆ ಕಥೆಯ ಸೊಗಸೇನೂ ಕಡಿಮೆಯಾಗುವುದಿಲ್ಲ.

ಎಲ್ಲಿಂದ ಶುರುಮಾಡಬೇಕೆಂದು ಕೇಳಿದ್ದೆಯಂತೆ. ಬಹಳ ಜನ ಗೈಡುಗಳು ದೇವಸ್ಥಾನದಿಂದ ಶುರುಮಾಡುತ್ತಾರೆ. ನಾನು ಕೋಟೆಯ ಹೊರಗಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನಿಂದ ಶುರುಮಾಡುತ್ತಿದ್ದೆ. 1784ರ ಆ ಕಟ್ಟಡದ ಪಶ್ಚಿಮದ ಗೋಡೆಯಲ್ಲಿ ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ, ಅದರಲ್ಲಿ ಗಾಯಗೊಂಡ ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಜನ ಅವನ ಮುಖವನ್ನು ಚೆನ್ನಾಗಿ ನೋಡಿಕೊಳ್ಳಲಿ. ಆಮೇಲೆ ಕೋಟೆಯೊಳಗೆ ಅವನ ಹೆಸರಿನಲ್ಲೇ ಕರೆಯುವ ಸೆರೆಮನೆಗೆ ಕರೆದುಕೊಂಡು ಹೋಗಿ, ಸೆರೆಯಲ್ಲಿದ್ದಾಗಲೇ 1782ರಲ್ಲಿ ಅವನು ಇದೇ ಊರಿನಲ್ಲಿ ತೀರಿಕೊಂಡನೆಂದು ಹೇಳಿದರೆ, ಅಲ್ಲಿಯವರೆಗೆ ಫೋಟೋ ತೆಗೆಯುತ್ತಿದ್ದವರೂ ಕೈ ಕೆಳಗಿಳಿಸುತ್ತಾರೆ. ಅದೇ ಯುದ್ಧದಲ್ಲಿ ಸೆರೆಸಿಕ್ಕು ಇಲ್ಲಿ ವರ್ಷಗಟ್ಟಲೆ ಕೊಳೆತ ಡೇವಿಡ್ ಬೇರ್ಡ್ ಎಂಬವನೇ 1799ರ ಮೇ 4ರಂದು ಕೋಟೆಗೆ ನುಗ್ಗಿದ ಇಂಗ್ಲಿಷ್ ದಂಡಿನ ಮುಂದಾಳಾಗಿದ್ದ. ಇಷ್ಟನ್ನು ಹೇಳಿ, ಟಿಪ್ಪುವಿನ ದೇಹ ಸಿಕ್ಕಿದ ಜಾಗದ ಕಲ್ಲಿನ ಬಳಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲು.

ಟಿಪ್ಪುವಿನ ವಿಷಯ ಬಂದಾಗ ಗುಂಪಿನಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಅವನು ಶೃಂಗೇರಿ ಮಠಕ್ಕೆ ಬರೆದ ಪತ್ರಗಳು ಉಳಿದಿವೆ. ಕೊಡಗಿನವರು ಅವನ ದಂಡಯಾತ್ರೆಗಳ ನೋವನ್ನು ಇಂದಿಗೂ ಮರೆತಿಲ್ಲ. ಕೇಳುವವರ ಮುಖ ನೋಡಿ ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳುವ ಗೈಡುಗಳನ್ನು ನಾನು ಬಲ್ಲೆ. ಅವರಿಗೆ ಟಿಪ್ಸು ಹೆಚ್ಚಾಗಿಯೇ ಸಿಗುತ್ತದೆ. ನೀನು ಹಾಗೆ ಮಾಡಿದೆಯೆಂದು ನನ್ನ ಕಿವಿಗೆ ಬೀಳದಿರಲಿ.

ಮೈಸೂರಿನ ಅರಮನೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದದ್ದು, ಹೆನ್ರಿ ಇರ್ವಿನ್ ರೂಪಿಸಿದ ಈಗಿನದು 1912ಕ್ಕೆ ಮುಗಿದದ್ದು ನಿನಗೆ ಬಾಯಿಪಾಠವಾಗಿರುತ್ತದೆ. ಅಲ್ಲಿಂದ ಹೊರಬಂದ ಮೇಲೆ ರೇಷ್ಮೆ, ಗಂಧದ ಅಂಗಡಿಯವರು ಕಮಿಷನ್ ಆಸೆ ತೋರಿಸುತ್ತಾರೆ. ಜನ ಕೇಳಿದರೆ ಅಂಗಡಿ ತೋರಿಸು, ಕೇಳದಿದ್ದರೆ ಗಾಡಿ ನಿಲ್ಲಿಸಬೇಡ.

ಮುಂದಿನ ವಾರ ಬಿಡುವು ಮಾಡಿಕೊಂಡು ಬಾ. ನನ್ನ ಹಳೆಯ ನೋಟ್‌ಬುಕ್ಕುಗಳನ್ನು ನಿನ್ನ ದೊಡ್ಡಮ್ಮ ಟ್ರಂಕಿನಿಂದ ತೆಗೆದಿಟ್ಟಿದ್ದಾಳೆ. ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಸಾಲುಗಳೇ ಹೆಚ್ಚು, ಅವುಗಳನ್ನೂ ಓದು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ